ಸೊವಿನ್ಯೋನ್ ಬ್ಲಾಂಕ್: ದ್ರಾಕ್ಷಿ ಒಂದು, ಘಮ ಹಲವು

ಬಿಳಿ ವೈನ್‌ಗೆಂದು ಬೆಳೆಯುವ ದ್ರಾಕ್ಷಿಗಳಲ್ಲಿ ವಾಸನೆಯಿಂದಲೇ ಗುರುತು ಹಿಡಿಯಬಹುದಾದ ತಳಿ ಸೊವಿನ್ಯೋನ್ ಬ್ಲಾಂಕ್. ಇದರ ತವರು ಫ್ರಾನ್ಸ್. ಕೆಂಪು ವೈನ್‌ಗೆ ಹೆಸರಾದ ಕ್ಯಾಬರ್ನೆ ಸೊವಿನ್ಯೋನ್ ಹುಟ್ಟಿದ್ದು ಇದೂ ಕ್ಯಾಬರ್ನೆ ಫ್ರಾಂಕೂ ಬೆರೆತು ಎಂಬುದು 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು.

ಈ ಘಮದ ಹಿಂದೆ ಮುಖ್ಯವಾಗಿ ಎರಡು ಬಗೆಯ ರಾಸಾಯನಿಕಗಳಿವೆ. ಒಂದು, ಮೆಥಾಕ್ಸಿಪೈರಜಿನ್. ದೊಣ್ಣೆ ಮೆಣಸಿನಕಾಯಿ ಹೆಚ್ಚುವಾಗ ಮೂಗಿಗೆ ಅಡರುವ ಹಸಿರು ವಾಸನೆ ಇದರದ್ದೇ. ಹಣ್ಣು ಮಾಗಿದಷ್ಟೂ, ಗೊಂಚಲಿಗೆ ಬಿಸಿಲು ತಾಗಿದಷ್ಟೂ ಇದು ಕಡಿಮೆಯಾಗುತ್ತದೆ. ಇನ್ನೊಂದು, ಗಂಧಕದ ಅಂಶವಿರುವ ಥಯಾಲ್. ದ್ರಾಕ್ಷಿ ರಸದಲ್ಲಿ ವಾಸನೆಯಿಲ್ಲದೆ ಅಡಗಿರುವ ಇದನ್ನು ರಸ ಹುಳಿಯುವಾಗ ಯೀಸ್ಟ್ ಬಿಡಿಸುತ್ತದೆ. ಪ್ಯಾಷನ್ ಫ್ರೂಟ್, ಚಕ್ಕೋತದಂಥ ಪರಿಮಳ ಹೊಮ್ಮುವುದು ಆಗ. ಊರೂರಿನ ವೈನ್ ಬೇರೆಬೇರೆಯಾಗುವುದರಲ್ಲಿ ಈ ಎರಡರ ಪ್ರಮಾಣದ ಪಾತ್ರ ದೊಡ್ಡದು.

ಫ್ರಾನ್ಸಿನ ಲ್ವಾರ್ ನದಿ ಕಣಿವೆಯ ಸಾನ್ಸೇರ್ ಮತ್ತು ಪುಯಿ-ಫ್ಯೂಮೆ ತಂಪು ಪ್ರದೇಶಗಳು. ಸುಣ್ಣಕಲ್ಲು, ಚಕಮಕಿ ಕಲ್ಲಿನ ನೆಲದಲ್ಲಿ ಬೆಳೆದ ಹಣ್ಣಿನಿಂದ ಇಲ್ಲಿ ಸಿಹಿಯಿಲ್ಲದ, ಚುರುಕು ಹುಳಿಯ ವೈನ್ ತಯಾರಾಗುತ್ತದೆ. ಅಲ್ಲಿನ ಶಾವಿನ್ಯೋಲ್ ಹಳ್ಳಿಯ ಮೇಕೆ ಹಾಲಿನ ಚೀಸ್ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಫ್ರಾನ್ಸಿನದೇ ಬೋರ್ಡೊ ಪ್ರದೇಶದಲ್ಲಿ ಇದನ್ನು ಸೆಮಿಯೋನ್ ದ್ರಾಕ್ಷಿಯೊಂದಿಗೆ ಬೆರೆಸುವುದು ವಾಡಿಕೆ. ಅಲ್ಲಿನ ಗ್ರಾವ್ ಭಾಗದಲ್ಲಿ ಓಕ್ ಪೀಪಾಯಿಯಲ್ಲಿ ಮಾಗಿಸಿದ ವೈನ್ ಮೈತುಂಬಿಕೊಳ್ಳುತ್ತದೆ. ಬೋರ್ಡೊದ ಇನ್ನೊಂದು ಭಾಗ ಸೊಟೆರ್ನ್‌ನಲ್ಲಿ ಶರತ್ಕಾಲದ ಬೆಳಗಿನ ಮಂಜಿಗೆ ಹಣ್ಣಿನ ಮೇಲೆ ಬೊಟ್ರೈಟಿಸ್ ಬೂಷ್ಟು ಕೂರುತ್ತದೆ. ನೀರಿನಂಶ ಆರಿ ಸಕ್ಕರೆ ಗಟ್ಟಿಯಾದ ಆ ಹಣ್ಣಿನಿಂದ ಸಿಹಿ ವೈನ್ ಮಾಡುತ್ತಾರೆ. ಅದರಲ್ಲಿ ಸೆಮಿಯೋನ್‌ನದೇ ಸಿಂಹಪಾಲು. ಸೊವಿನ್ಯೋನ್ ಬ್ಲಾಂಕ್ ಹುಳಿ ಕೊಟ್ಟು ಸಿಹಿಯನ್ನು ಹದಕ್ಕೆ ತರುತ್ತದೆ.

ತಳಿಗೆ ಜಗದ್ವಿಖ್ಯಾತಿ ತಂದದ್ದು ನ್ಯೂಜಿಲೆಂಡ್. ದಕ್ಷಿಣ ದ್ವೀಪದ ಮಾರ್ಲ್‌ಬರೋದಲ್ಲಿ ಬಳ್ಳಿ ನೆಡುವ ದೊಡ್ಡ ಪ್ರಯತ್ನ ಶುರುವಾದದ್ದು 1973ರಲ್ಲಿ. 1985ರಲ್ಲಿ ಬಂದ ಕ್ಲೌಡಿ ಬೇ ವೈನ್ ಆ ಪ್ರದೇಶದ ಹೆಸರನ್ನು ಹೊರದೇಶಗಳಿಗೆ ಮುಟ್ಟಿಸಿತು. ಹಗಲು ದೀರ್ಘ ಬಿಸಿಲು, ರಾತ್ರಿ ಚಳಿ ಇರುವುದರಿಂದ ಹಣ್ಣು ಮಾಗಿದರೂ ಹುಳಿ ಉಳಿಯುತ್ತದೆ. ಉಕ್ಕಿನ ತೊಟ್ಟಿಯಲ್ಲಿ ತಂಪಾಗಿ ಹುದುಗಿಸಿ, ಘಮ ಆರುವ ಮುನ್ನವೇ ಬಾಟಲಿಗೆ ತುಂಬುತ್ತಾರೆ. ಕ್ಯಾಲಿಫೋರ್ನಿಯಾದ ವೈನ್ ತಯಾರಕ ರಾಬರ್ಟ್ ಮೊಂಡಾವಿ 1960ರ ದಶಕದ ಕೊನೆಯಲ್ಲಿ ಈ ವೈನ್‌ಗೆ ಫ್ಯೂಮೆ ಬ್ಲಾಂಕ್ ಎಂಬ ಹೆಸರಿಟ್ಟು, ಓಕ್ ಸ್ಪರ್ಶದ ಶೈಲಿಯನ್ನು ಮಾರುಕಟ್ಟೆಗೆ ತಂದರು. ಚಿಲಿಯಲ್ಲಿ ಸಾಗರದ ತಂಗಾಳಿ ಬೀಸುವ ಕಾಸಾಬ್ಲಾಂಕಾ ಕಣಿವೆ ಈ ತಳಿಗೆ ಒಗ್ಗಿದೆ.

ಭಾರತದಲ್ಲಿ ನಾಸಿಕ್ ಮತ್ತು ನಂದಿ ಬೆಟ್ಟದ ತಪ್ಪಲಿನ ತೋಟಗಳ ಹಣ್ಣಿನಿಂದ ಈ ವೈನ್ ಬರುತ್ತಿದೆ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರಿ, ಮಳೆಗಾಲ ಮುಗಿದ ಮೇಲೆ ಫಸಲು ಬರುವಂತೆ ಮಾಡಿ, ಬೇಸಿಗೆ ಏರುವ ಮೊದಲೇ ಕೊಯ್ಯುತ್ತಾರೆ. ಬಿಸಿಲಿಗೆ ಹುಳಿ ಬೇಗ ಇಳಿಯುವುದರಿಂದ ಕೊಯ್ಲು ನಾಲ್ಕು ದಿನ ತಡವಾದರೂ ರುಚಿ ಸಪ್ಪೆಯಾದೀತು.

ಈ ವೈನ್‌ನ ಬಹುಪಾಲು ಎಳೆಯದಿದ್ದಾಗಲೇ ಕುಡಿಯುವಂಥದ್ದು. 8ರಿಂದ 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಬಡಿಸುತ್ತಾರೆ. ಓಕ್‌ನಲ್ಲಿ ಮಾಗಿದ ಗ್ರಾವ್ ವೈನ್ ವರ್ಷಗಟ್ಟಲೆ, ಒಳ್ಳೆಯ ಸೊಟೆರ್ನ್ ದಶಕಗಟ್ಟಲೆ ಇಟ್ಟರೂ ಕೆಡುವುದಿಲ್ಲ.