ಸಿಂಗಪುರದ ಜನಜೀವನ: ಒಂದು ಪರಿಚಯ

ಮಲಯ ಪರ್ಯಾಯ ದ್ವೀಪದ ದಕ್ಷಿಣ ತುದಿಯಲ್ಲಿ, ಭೂಮಧ್ಯರೇಖೆಗೆ ತೀರ ಸಮೀಪವಾಗಿ ಒಂದು ಚಿಕ್ಕ ದ್ವೀಪವುಂಟು. ಅದೇ ಸಿಂಗಪುರ. ಹೆಸರು ನಮ್ಮ ಕಿವಿಗೆ ಪರಿಚಿತವೆನಿಸುವುದು ಸಹಜ. ‘ಸಿಂಹ’, ‘ಪುರ’ ಎಂಬೆರಡು ಸಂಸ್ಕೃತ ಶಬ್ದಗಳಿಂದಲೇ ಅದು ಮೂಡಿದೆ. ಸಂಗ್ ನೀಲ ಉತ್ತಮನೆಂಬ ರಾಜಕುಮಾರನು ಅಲ್ಲಿ ಸಿಂಹದಂತಹ ಮೃಗವೊಂದನ್ನು ಕಂಡು ಈ ಹೆಸರಿಟ್ಟನೆಂದು ಮಲಯ ಐತಿಹ್ಯ ಹೇಳುತ್ತದೆ. ಆ ಕಾಡುಗಳಲ್ಲಿ ಸಿಂಹಗಳಿದ್ದುವೆಂಬುದಕ್ಕೆ ಆಧಾರವಿಲ್ಲ. ಹೆಸರು ಮಾತ್ರ ನಿಂತಿತು. ಸುಮಾರು 735 ಚದರ ಕಿಲೋಮೀಟರುಗಳ ಈ ನೆಲದಲ್ಲಿ ಇಂದು ಅರವತ್ತು ಲಕ್ಷದಷ್ಟು ಜನ ವಾಸಿಸುತ್ತಾರೆ. ಅಲ್ಲಿ ನಗರವೇ ರಾಷ್ಟ್ರ.

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸ್ಟ್ಯಾಂಫರ್ಡ್ ರಾಫಲ್ಸ್ 1819ರಲ್ಲಿ ಇಲ್ಲಿ ವ್ಯಾಪಾರದ ಠಾಣ್ಯವೊಂದನ್ನು ಸ್ಥಾಪಿಸಿದನು. ಸುಂಕವಿಲ್ಲದ ಬಂದರಾದ್ದರಿಂದ ನಾಲ್ಕೂ ದಿಕ್ಕಿನ ಜನ ಹರಿದುಬಂದರು. ದಕ್ಷಿಣ ಚೀನಾದ ಕೂಲಿಗಳು ಮತ್ತು ವರ್ತಕರು, ನೆರೆಯ ದ್ವೀಪಗಳ ಮಲಯರು, ತಮಿಳರು, ಗುಜರಾತಿಗಳು, ಸಿಖ್ಖರು, ಅರಬರು, ಯೆಹೂದ್ಯರು, ಅರ್ಮೇನಿಯನ್ನರು ಎಲ್ಲರೂ ಅಲ್ಲಿ ನೆಲೆಯೂರಿದರು. ಆಳರಸರು 1822ರ ನಗರ ಯೋಜನೆಯಲ್ಲಿ ಒಂದೊಂದು ಜನಾಂಗಕ್ಕೆ ಒಂದೊಂದು ಕೇರಿಯನ್ನು ಗುರುತಿಸಿಕೊಟ್ಟರು. ಈಗಿನ ಸ್ಥಿರವಾಸಿಗಳಲ್ಲಿ ಚೀನೀಯರು ಮುಕ್ಕಾಲು ಪಾಲಿಗೆ ಹತ್ತಿರ. ಮಲಯರು ನೂರಕ್ಕೆ ಹದಿಮೂರು, ಭಾರತೀಯರು ನೂರಕ್ಕೆ ಒಂಬತ್ತರಷ್ಟಿದ್ದಾರೆ.

ಕೇರಿಗಳು ಬೇರೆಯಾದರೂ ದೇವಾಲಯಗಳು ಈ ಕಟ್ಟಳೆಗೆ ಪೂರ್ತಿಯಾಗಿ ಒಳಪಡಲಿಲ್ಲ. ಸೌತ್ ಬ್ರಿಜ್ ರಸ್ತೆ ಚೀನೀಯರ ಕೇರಿಯ ನಡುವಣದು. ಆದರೂ ಅಲ್ಲಿ ತಮಿಳು ಮುಸಲ್ಮಾನರು ಕಟ್ಟಿಸಿದ ಜಾಮಿಯಾ ಮಸೀದಿಯಿದೆ. ಅದರ ಸಮೀಪದಲ್ಲಿಯೇ, ರಾಫಲ್ಸನೊಡನೆ ಬಂದ ನಾರಾಯಣ ಪಿಳ್ಳೆಯವರು 1827ರಲ್ಲಿ ಸ್ಥಾಪಿಸಿದ ಮಾರಿಯಮ್ಮನ ಗುಡಿಯ ಗೋಪುರವಿದೆ. ಅದೇ ರಸ್ತೆಯಲ್ಲಿ 2007ರಲ್ಲಿ ಬೌದ್ಧ ದೇವಾಲಯವೊಂದೂ ಎದ್ದು ನಿಂತಿತು. ವಾಟರ್‌ಲೂ ಬೀದಿಯ ದೃಶ್ಯ ಇನ್ನೂ ಸ್ವಾರಸ್ಯಕರವಾದುದು. ಅಲ್ಲಿ ಕರುಣಾಮಯಿಯಾದ ಕ್ವಾನ್ ಇಮ್ ದೇವಿಯ ಚೀನೀ ಗುಡಿಯೂ ಶ್ರೀಕೃಷ್ಣ ದೇವಾಲಯವೂ ಅಕ್ಕಪಕ್ಕದಲ್ಲಿವೆ. ದೇವಿಗೆ ಕೈಮುಗಿದು ಹೊರಬಂದ ಚೀನೀ ಭಕ್ತರಲ್ಲಿ ಅನೇಕರು ಊದುಬತ್ತಿ ಹಿಡಿದು ಕೃಷ್ಣನ ಬಾಗಿಲಲ್ಲಿಯೂ ತಲೆಬಾಗಿ ಮುಂದೆ ಸಾಗುತ್ತಾರೆ. ಯಾವ ಸರಕಾರವೂ ಇದನ್ನು ಕಲಿಸಿಕೊಟ್ಟುದಲ್ಲ.

ಇಷ್ಟನ್ನೇ ನೋಡಿ, ಸಿಂಗಪುರದ ಸಾಮರಸ್ಯ ತಾನಾಗಿ ಬೆಳೆದ ಬಳ್ಳಿಯೆಂದು ಬಗೆಯುವವರುಂಟು. ಆದರೆ ಇತಿಹಾಸ ಹಾಗೆ ಹೇಳುವುದಿಲ್ಲ. 1964ರ ಜುಲೈ 21ರಂದು ಪ್ರವಾದಿಗಳ ಜನ್ಮದಿನದ ಮೆರವಣಿಗೆ ಸಾಗಿದ್ದಾಗ ಮಲಯರಿಗೂ ಚೀನೀಯರಿಗೂ ಘರ್ಷಣೆ ಹತ್ತಿಕೊಂಡು 23 ಜನ ಮಡಿದರು. ಸೆಪ್ಟೆಂಬರಿನಲ್ಲಿ ಗಲಭೆ ಮರುಕಳಿಸಿ ಇನ್ನೂ 13 ಜನ ಸತ್ತರು. ಮರುವರ್ಷದ ಆಗಸ್ಟ್ 9ರಂದು ಸಿಂಗಪುರ ಮಲೇಶಿಯಾದಿಂದ ಬೇರ್ಪಟ್ಟು ಸ್ವತಂತ್ರ ರಾಷ್ಟ್ರವಾಯಿತು. ಪ್ರಧಾನಿ ಲೀ ಕ್ವಾನ್ ಯೂ ಅವರೂ ಅವರ ಸಂಗಡಿಗರೂ ಈ ರಕ್ತಪಾತವನ್ನು ಕಣ್ಣಾರೆ ಕಂಡವರು. ಜನರ ಸದ್ಬುದ್ಧಿಯೊಂದನ್ನೇ ನಂಬಿ ಕುಳಿತರೆ ಸಾಲದು, ಸಹಬಾಳ್ವೆಯನ್ನು ಕಾನೂನಿನಿಂದಲೇ ಕಟ್ಟಬೇಕು ಎಂಬುದು ಅವರ ನಿಲುವಾಯಿತು. ಜುಲೈ 21ನ್ನು ಅಲ್ಲಿಯ ಶಾಲೆಗಳು ಇಂದಿಗೂ ಜನಾಂಗ ಸಾಮರಸ್ಯದ ದಿನವೆಂದು ಆಚರಿಸುತ್ತವೆ.

ಹೀಗೆ ಕಟ್ಟಿದುದರಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ವಸತಿ. ಗೃಹನಿರ್ಮಾಣ ಮಂಡಲಿ ಹುಟ್ಟಿದ್ದು 1960ರಲ್ಲಿ. ಮರುವರ್ಷವೇ ಬುಕಿತ್ ಹೋ ಸ್ವೀ ಎಂಬಲ್ಲಿಯ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು ಹದಿನಾರು ಸಾವಿರ ಜನ ನಿರಾಶ್ರಿತರಾದಾಗ ಮಂಡಲಿಯ ಕೆಲಸಕ್ಕೆ ವೇಗ ಬಂದಿತು. ಹಳೆಯ ಕೇರಿಗಳೂ ಕಂಪೋಂಗ್ ಎಂಬ ಮಲಯ ಹಳ್ಳಿಗಳೂ ಒಂದೊಂದಾಗಿ ಅಳಿದು ಬಹುಮಹಡಿಯ ಕಟ್ಟಡಗಳೆದ್ದುವು. ಇಂದು ನೂರಕ್ಕೆ ಎಂಬತ್ತರಷ್ಟು ಸ್ಥಿರವಾಸಿಗಳ ಮನೆಗಳು ಇಂತಹವೇ. ಈ ಕಟ್ಟಡಗಳ ನೆಲ ಅಂತಸ್ತನ್ನು ಬಹುಮಟ್ಟಿಗೆ ಗೋಡೆಗಳಿಲ್ಲದೆ ತೆರವಾಗಿ ಬಿಟ್ಟಿರುತ್ತಾರೆ. ಒಂದು ದಿನ ಅಲ್ಲಿ ಮಲಯರ ಮದುವೆಯ ಔತಣ. ಮತ್ತೊಂದು ದಿನ ಚೀನೀಯರ ಶವಸಂಸ್ಕಾರದ ಜಾಗರಣೆ. ನೆರೆಯವರು ಎರಡನ್ನೂ ಹಾದು ತಮ್ಮ ಮನೆಗೆ ಹೋಗಬೇಕು.

ಒಂದೇ ಜನಾಂಗದವರು ಒಂದೆಡೆ ಗುಂಪುಗೂಡುವುದನ್ನು ಕಂಡ ಸರಕಾರ 1989ರಲ್ಲಿ ಒಂದು ಮಿತಿಯನ್ನು ವಿಧಿಸಿತು. ಈಗಿನ ನಿಯಮದಂತೆ ಒಂದು ಕಟ್ಟಡದಲ್ಲಿ ಚೀನೀಯರ ಮನೆಗಳು ನೂರಕ್ಕೆ 87, ಮಲಯರವು 25, ಭಾರತೀಯರೂ ಇತರರೂ ಸೇರಿ 15ನ್ನು ಮೀರುವಂತಿಲ್ಲ. ಬ್ರಿಟಿಷರು ಬೇರೆಬೇರೆಯಾಗಿ ಕೂಡಿಸಿದವರನ್ನು ಸ್ವತಂತ್ರ ಸರಕಾರ ಹೀಗೆ ಬೆರೆಸಿತು. ನಿಯಮದ ಭಾರ ಮಾತ್ರ ಎಲ್ಲರ ಮೇಲೆ ಸಮನಾಗಿ ಬಿದ್ದಿಲ್ಲ. ಚೀನೀಯರ ಮಿತಿ ತುಂಬಿದ ಕಟ್ಟಡದಲ್ಲಿ ಭಾರತೀಯನೊಬ್ಬನು ತನ್ನ ಮನೆಯನ್ನು ಮಾರಬಯಸಿದರೆ ಚೀನೀಯನಿಗೆ ಮಾರುವಂತಿಲ್ಲ. ಕೊಳ್ಳುವವರಲ್ಲಿ ಮುಕ್ಕಾಲು ಪಾಲು ತಪ್ಪಿಹೋದ ಮೇಲೆ ಬೆಲೆ ಇಳಿಯದೆ ಇರುವುದೇ? ಈ ನಷ್ಟ ನಿಜವೆಂದು ಸರಕಾರವೂ ಒಪ್ಪಿದೆ. ಆದರೂ ನಿಯಮವನ್ನು ಬಿಟ್ಟಿಲ್ಲ. ಕಲಹ ಮತ್ತೆ ಕಾಣಿಸದಿರುವುದನ್ನು ನೋಡಿದರೆ ಅದು ವ್ಯರ್ಥವಾಯಿತೆನ್ನಲಾಗದು. ಅಲ್ಪಸಂಖ್ಯಾತರೇ ಹೆಚ್ಚಿನ ಬೆಲೆ ತೆತ್ತರೆಂಬುದನ್ನೂ ಮರೆಯಲಾಗದು.

ಈ ಮನೆಗಳನ್ನು ಕಟ್ಟುವ ಕೈಗಳಾದರೋ ಆ ಲೆಕ್ಕದಿಂದಲೇ ಹೊರಗಿವೆ. ತಮಿಳುನಾಡು, ಬಂಗ್ಲಾದೇಶ ಮೊದಲಾದೆಡೆಗಳಿಂದ ಬಂದ ಕಾರ್ಮಿಕರು ಊರ ಅಂಚಿನ ವಸತಿಗೃಹಗಳಲ್ಲಿ ಗುಂಪಾಗಿ ಮಲಗುತ್ತಾರೆ. ಭಾನುವಾರ ಸರಂಗೂನ್ ರಸ್ತೆಯ ‘ಲಿಟಲ್ ಇಂಡಿಯಾ’ದಲ್ಲಿ ಕಲೆಯುತ್ತಾರೆ. 2020ರ ಕೊರೋನಾ ಸೋಂಕು ಮೊದಲು ಉಲ್ಬಣಿಸಿದ್ದು ಈ ವಸತಿಗೃಹಗಳಲ್ಲಿಯೇ.

ಊಟದ ವಿಷಯದಲ್ಲಿ ಮಾತ್ರ ಯಾರಿಗೂ ಜಗಳವಿಲ್ಲ. ಬೀದಿಯಲ್ಲಿ ತಿಂಡಿ ಮಾರುತ್ತಿದ್ದವರನ್ನು 1970ರ ದಶಕದಿಂದ ನಲ್ಲಿನೀರು, ಚರಂಡಿಯುಳ್ಳ ಸೂರುಗಳಡಿಗೆ ತಂದು ಕೂರಿಸಿದರು. ‘ಹಾಕರ್ ಸೆಂಟರ್’ ಎಂಬ ಈ ಊಟದ ಅಂಗಳಗಳ ಸಂಸ್ಕೃತಿಗೆ 2020ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು. ನಮ್ಮ ಪರೋಟ ಅಲ್ಲಿ ‘ಪ್ರಾಟ’ವಾಗಿ ಎಲ್ಲರ ಬೆಳಗಿನ ಉಪಾಹಾರವಾಗಿದೆ. ಒಂದೇ ಮೇಜಿನಲ್ಲಿ ಮೂರು ಜನಾಂಗದವರು ಕುಳಿತು ಉಣ್ಣುತ್ತಾರೆ. ಮುಸಲ್ಮಾನರ ತಟ್ಟೆಗಳನ್ನು ಹಿಂದಿರುಗಿಸುವ ಸ್ಥಳ ಮಾತ್ರ ಬೇರೆ.

ಇನ್ನು ಭಾಷೆಯ ವಿಚಾರ. ಮಲಯ, ಚೀನೀ, ತಮಿಳು, ಇಂಗ್ಲಿಷ್ ಈ ನಾಲ್ಕೂ ಅಧಿಕೃತ ಭಾಷೆಗಳು. ನಾಣ್ಯಗಳ ಮೇಲೆ ದೇಶದ ಹೆಸರು ನಾಲ್ಕರಲ್ಲಿಯೂ ಇದೆ. ರಾಷ್ಟ್ರಗೀತೆ ಮಲಯ ಭಾಷೆಯದು. ಆದರೆ ಆಡಳಿತವೂ ವಿದ್ಯಾಭ್ಯಾಸವೂ ನಡೆಯುವುದು ಇಂಗ್ಲಿಷಿನಲ್ಲಿ. ಯಾರ ಮಾತೃಭಾಷೆಯೂ ಅಲ್ಲದ ಭಾಷೆಯಾದರೆ ಯಾರಿಗೂ ಹೆಚ್ಚಿನ ಅನುಕೂಲವಿಲ್ಲವೆಂಬುದು ಇದರ ಹಿಂದಿನ ತರ್ಕ. ಜೊತೆಗೆ ಪ್ರತಿ ಮಗುವೂ ‘ಮಾತೃಭಾಷೆ’ಯನ್ನು ಎರಡನೆಯ ಭಾಷೆಯಾಗಿ ಓದಬೇಕು.

ಈ ವ್ಯವಸ್ಥೆಗೆ ತೆತ್ತ ಬೆಲೆಯೂ ದೊಡ್ಡದೇ. ಸಿರಿವಂತರೊಡನೆ ಸೈಕಲ್ ರಿಕ್ಷಾ ತುಳಿಯುವವರೂ ತಮ್ಮ ದುಡಿಮೆಯ ಹಣ ಕೊಟ್ಟು ಕಟ್ಟಿದ ಚೀನೀ ಮಾಧ್ಯಮದ ನಾನ್ಯಾಂಗ್ ವಿಶ್ವವಿದ್ಯಾಲಯ 1980ರಲ್ಲಿ ಬೇರೊಂದರೊಡನೆ ವಿಲೀನವಾಯಿತು. 1987ರ ಹೊತ್ತಿಗೆ ಶಾಲೆಗಳೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಬಂದುವು. ಚೀನೀಯರ ಮನೆಗಳಲ್ಲಿ ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್ ಮಾತುಗಳಿದ್ದುವು. 1979ರಿಂದ ಅವನ್ನು ಬಿಟ್ಟು ಮ್ಯಾಂಡರಿನ್ ಆಡಿರೆಂದು ಸರಕಾರ ಪ್ರಚಾರ ಕೈಗೊಂಡಿತು. ಅಜ್ಜಿಗೆ ಮೊಮ್ಮಗನ ಭಾಷೆ ತಿಳಿಯದ ಮನೆಗಳು ಹೀಗೆ ಉಂಟಾದುವು. 2020ರ ಜನಗಣತಿಯಂತೆ ನೂರಕ್ಕೆ 48ರಷ್ಟು ಜನ ಮನೆಯಲ್ಲಿ ಹೆಚ್ಚಾಗಿ ಆಡುವುದು ಇಂಗ್ಲಿಷನ್ನೇ. ತಮಿಳನ್ನು ಆಡುವವರು ನೂರಕ್ಕೆ ಎರಡೂವರೆ ಮಾತ್ರ.

ಸಿಂಗಪುರದಲ್ಲಿ ಕನ್ನಡಿಗರೂ ಇದ್ದಾರೆ. ಅವರ ಕನ್ನಡ ಸಂಘವೂ ಉಂಟು. ಆದರೆ ಸರಕಾರದ ಪಟ್ಟಿಯಲ್ಲಿ ಅವರು ಬರಿಯ ‘ಭಾರತೀಯರು’. ಭಾರತೀಯ ಮಕ್ಕಳಿಗೆ ಶಾಲೆಯಲ್ಲಿ ಮಾತೃಭಾಷೆಯೆಂದರೆ ಮೊದಲಿಗೆ ತಮಿಳು; 1990ರ ಸುಮಾರಿನಿಂದ ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದುಗಳಿಗೂ ಅವಕಾಶ ದೊರೆಯಿತು. ಕನ್ನಡ, ತೆಲುಗು, ಮಲಯಾಳಗಳು ಈ ಪಟ್ಟಿಯಲ್ಲಿಲ್ಲ. ಆದುದರಿಂದ ಅಲ್ಲಿಯ ಕನ್ನಡಿಗರ ಮಗು ತಾಯಿಯೊಡನೆ ಕನ್ನಡವಾಡಿ, ಶಾಲೆಯಲ್ಲಿ ಗಣಿತ ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿತು, ‘ಮಾತೃಭಾಷೆ’ಯ ತರಗತಿಯಲ್ಲಿ ಹಿಂದಿಯನ್ನೋ ತಮಿಳನ್ನೋ ಓದುತ್ತದೆ.