ಮರುಭೂಮಿ ಕರಬೂಜ ಸಿಹಿ, ಸರಿ. ನೀರು ಯಾರ ಪಾಲಿನದು?

ರಾಯಚೂರಿನವನಾದ ನನಗೆ ಬಿಸಿಲು ಹೊಸದಲ್ಲ. ಆದರೂ ಓದಲಿಕ್ಕೆ ಅಮೆರಿಕದ ಅರಿಝೋನಾಕ್ಕೆ ಹೋಗಿದ್ದಾಗ, ಒಂದು ಮೇ ತಿಂಗಳಲ್ಲಿ ಪಕ್ಕದ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆ ನೋಡಿ ದಂಗಾದೆ. ಒಂದು ಕಡೆ ಮರಳುದಿಬ್ಬ, ಸ್ವಲ್ಪ ಮುಂದೆ ಹೋದರೆ ಕರಬೂಜ, ಸ್ವೀಟ್ ಕಾರ್ನ್ ಹೊಲ. ವರ್ಷದ ಮಳೆ ಸುಮಾರು 7 ಸೆಂ.ಮೀ. ಅಷ್ಟೇ! ರಸ್ತೆಬದಿಯಲ್ಲಿ ಕೊಂಡು ತಿಂದ ಹಣ್ಣಿನಷ್ಟು ಸಿಹಿ ಹಣ್ಣು ಊರಲ್ಲೂ ತಿಂದಿರಲಿಲ್ಲ, ಸುಳ್ಳ್ಯಾಕೆ ಹೇಳಲಿ.

ಆ ಸಿಹಿಗೆ ಕಾರಣ ಬಿಸಿಲು ಮತ್ತು ಒಣ ಗಾಳಿ. ಎಲೆಗಳು ಹಗಲಿಡೀ ಸಕ್ಕರೆ ತಯಾರಿಸುತ್ತವೆ, ತೇವವಿಲ್ಲದ್ದರಿಂದ ಬೂಷ್ಟು ರೋಗ ಕಡಿಮೆ. ಕರಬೂಜ ಕಿತ್ತ ಮೇಲೆ ಸಿಹಿ ಹೆಚ್ಚಲ್ಲ, ಬಳ್ಳಿಯಲ್ಲಿದ್ದಾಗ ತುಂಬಿಕೊಂಡಷ್ಟೇ. ಸ್ವೀಟ್ ಕಾರ್ನ್ ಕಥೆ ಇನ್ನೂ ನಾಜೂಕು. ಬಿಸಿ ಜಾಸ್ತಿಯಾದರೆ ಪರಾಗವೇ ಸಾಯುತ್ತದೆ, ಹಾಗಾಗಿ ಕಡುಬೇಸಿಗೆಗೆ ಮೊದಲೇ ಬೆಳೆ ತೆಗೀತಾರೆ. ಕಿತ್ತ ತೆನೆಯಲ್ಲಿ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಅದಕ್ಕೇ ತಂಪು ಹೊತ್ತಲ್ಲಿ ಕೊಯ್ದು ಕೂಡಲೇ ತಣ್ಣಗೆ ಮಾಡೋದು.

ಇನ್ನು ನೀರು. ಅದು ಬರೋದು ಕೊಲರಾಡೊ ನದಿಯಿಂದ, ಕಾಲುವೆಯಲ್ಲಿ. ಈ ಕಣಿವೆಯೊಂದರ ವಾರ್ಷಿಕ ಹಕ್ಕು ನಮ್ಮ ಲೆಕ್ಕದಲ್ಲಿ ಸುಮಾರು 135 ಟಿಎಂಸಿ. ತುಂಗಭದ್ರಾ ಜಲಾಶಯ ಪೂರ್ತಿ ತುಂಬಿದರೂ ಅಷ್ಟಾಗಲ್ಲ. ಇಡೀ ಅರಿಝೋನಾ ರಾಜ್ಯದ ಪಾಲೇ ಸುಮಾರು 122 ಟಿಎಂಸಿ! ಮೊದಲು ಬಳಸಿದವರಿಗೆ ಮೊದಲ ಹಕ್ಕು ಅನ್ನೋ ಕಾನೂನಿನ ಫಲ ಇದು. 1922ರಲ್ಲಿ ಏಳು ರಾಜ್ಯಗಳು ನದಿಯನ್ನು ಹಂಚಿಕೊಂಡಾಗ, ಅವರೆಲ್ಲರಿಗಿಂತ ಮೊದಲೇ ಅಲ್ಲಿದ್ದ ಮೂಲನಿವಾಸಿಗಳನ್ನು ಮಾತಿಗೂ ಕರೆಯಲಿಲ್ಲ. ಹಾಗಂತ ಕರಬೂಜದ ಮೇಲೆ ಸಿಟ್ಟಾಗಬೇಡಿ. ಆ ಕಣಿವೆಯಲ್ಲಿ ಅತಿ ಹೆಚ್ಚು ನೀರು ಕುಡಿಯೋದು ದನದ ಮೇವು, ಕುದುರೆಮಸಾಲೆಯಂಥ ಬೆಳೆಗಳು.

ಕಾಲುವೆಯಿಲ್ಲದೆಯೂ ಇವೆರಡನ್ನೂ ಬೆಳೆಯೋರಿದ್ದಾರೆ. ಉತ್ತರ ಅರಿಝೋನಾದ ಹೋಪಿ ಜನ. ಅಲ್ಲಿ ವರ್ಷಕ್ಕೆ 25 ಸೆಂ.ಮೀ. ಆಸುಪಾಸು ಮಳೆ. ಚಳಿಗಾಲದ ಹಿಮ ಕರಗಿ ಮರಳಿನಡಿ ಉಳಿದ ಹಸಿಗೆ ತಾಗುವಂತೆ ಗೇಣುದ್ದ ಗುಂಡಿ ತೋಡಿ, ಒಂದೊಂದರಲ್ಲೂ ಹಲವು ಕಾಳು ಹಾಕ್ತಾರೆ. ಗುಂಡಿಯಿಂದ ಗುಂಡಿಗೆ ದೂರ ಜಾಸ್ತಿ. ಅಷ್ಟು ಆಳದಿಂದ ಮೊಳಕೆ ಮೇಲೆ ಬರುವ ತಳಿಯನ್ನು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡಿದ್ದಾರೆ. ಆಗಸ್ಟ್ ಕೊನೆಗೆ ಸಹಪಾಠಿಯೊಬ್ಬಳ ಅಜ್ಜಿಯ ಮನೆಯಲ್ಲಿ, ಕಾದ ಗುಂಡಿಯೊಳಗೆ ರಾತ್ರಿಯಿಡೀ ಮುಚ್ಚಿಟ್ಟು ಬೇಯಿಸಿದ ಸಿಹಿ ಮೆಕ್ಕೆತೆನೆ ತಿಂದೆ. ಥೇಟ್ ನಮ್ಮ ಸೀತನಿ ನೆನಪು! ಆಮೇಲೆ ಹೊಲದ್ದೇ ಕರಬೂಜ. ಇಂಪೀರಿಯಲ್ ಹಣ್ಣಿಗಿಂತ ಚಿಕ್ಕದು, ಸಿಹಿಗೇನೂ ಕಡಿಮೆಯಿರಲಿಲ್ಲ.

ಇಷ್ಟು ಹಿತಮಿತವಾಗಿ ನೀರು ಬಳಸುವ ಜನರ ನೆಲದಡಿಯಿಂದಲೇ ಪೀಬಾಡಿ ಕಂಪನಿ 1970ರಿಂದ 2005ರವರೆಗೆ ವರ್ಷಕ್ಕೆ 400 ಕೋಟಿ ಲೀಟರ್‌ಗೂ ಹೆಚ್ಚು ಅಂತರ್ಜಲ ಎತ್ತಿತು. ಯಾಕೆ ಗೊತ್ತಾ? ಕಲ್ಲಿದ್ದಲು ಪುಡಿಯನ್ನು ನೀರಲ್ಲಿ ಕಲಸಿ, 440 ಕಿ.ಮೀ. ಕೊಳವೆಯಲ್ಲಿ ನೆವಾಡಾದ ವಿದ್ಯುತ್ ಸ್ಥಾವರಕ್ಕೆ ಸಾಗಿಸಲಿಕ್ಕೆ. ಊಟೆಗಳು ಬತ್ತುತ್ತಿವೆ ಅಂತ ಹೋಪಿಗಳು ವರ್ಷಗಟ್ಟಲೆ ಹೋರಾಡಿದರು. ಸ್ಥಾವರ ಮುಚ್ಚಿದ ಮೇಲೆಯೇ ಕೊಳವೆ ನಿಂತಿದ್ದು.

ನೀರು ಕಡಿಮೆಯಾದಾಗ ಯಾರ ಪಾಲಿಗೆ ಕತ್ತರಿ ಅಂತ ಹೇಳುವ 2007ರ ನಿಯಮಗಳ ಅವಧಿ 2026ರವರೆಗೆ. ಕೊಲರಾಡೊ ಕೊಳ್ಳದಲ್ಲಿ ಸರ್ಕಾರದ ಮಾನ್ಯತೆ ಇರುವ ಮೂಲನಿವಾಸಿ ಬುಡಕಟ್ಟುಗಳು 30. ಹೊಸ ಹಂಚಿಕೆಯಲ್ಲಿ ತಮ್ಮ ಮಾತೂ ನಡೆಯಬೇಕು ಅಂತ ಅವು ಕೇಳುತ್ತಿವೆ.