ಅಂಗೈಯಲ್ಲಿ ಹಿಡಿಸುವ ಹಂದಿಮರಿ ಅಂಗಳದಲ್ಲಿ ಹಿಡಿಸೀತೇ?

ಕಳೆದ ತಿಂಗಳು ಕೆನಡಾದಿಂದ ಮೊಮ್ಮಗಳ ವಿಡಿಯೊ ಕರೆ ಬಂತು. ಅವಳಿಗೀಗ ಒಂಬತ್ತು ವರ್ಷ. ಫೋನಿನಲ್ಲೇ ಒಂದು ಚಿತ್ರ ತೋರಿಸಿದಳು. ಟೀ ಕಪ್ಪಿನೊಳಗೆ ಕುಳಿತ ಗುಲಾಬಿ ಬಣ್ಣದ ಪುಟ್ಟ ಹಂದಿಮರಿ!

"ಅಜ್ಜಾ, ಇದು ದೊಡ್ಡದೇ ಆಗಲ್ವಂತೆ. ನೀನು ಹೇಳಿದ್ರೆ ಅಪ್ಪ ಕೊಡಿಸ್ತಾರೆ. ಹೇಳ್ತೀಯಾ?"

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವಳ ಅಜ್ಜಿ "ಶಿವಶಿವಾ, ಮನೆಯೊಳಗೆ ಹಂದಿಯೇ!" ಎಂದು ಎದ್ದೇ ಹೋದಳು. ನಾನು ಒಂದು ವಾರದ ವಾಯಿದೆ ಕೇಳಿದೆ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಗುಮಾಸ್ತನಾಗಿದ್ದವನು ನಾನು. ಪೂರ್ತಿ ಕಾಗದ ಓದದೆ ಸಹಿ ಹಾಕಬೇಡಿ ಎಂದು ಬಂದವರಿಗೆಲ್ಲ ಹೇಳಿ ಅಭ್ಯಾಸ. ಮೊಮ್ಮಗಳ ವಿಷಯದಲ್ಲಿ ಮಾತ್ರ ಹಾಗೆ ಬಿಡಲಾದೀತೆ? ಆ ವಾರ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರ ಜೊತೆ ಕುಳಿತು ಓದಿ.

ಮೂಗು ಮುರಿಯುವ ಮುನ್ನ

ನಮ್ಮಲ್ಲಿ ಹಂದಿ ಎಂಬುದು ಬೈಗುಳ. ಆದರೆ ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ನಮ್ಮ ನಾಡಿನಲ್ಲಿ ಶತಮಾನಗಳ ಕಾಲ ಓಡಾಡಿದ ಚಿನ್ನದ ನಾಣ್ಯದ ಹೆಸರೂ ವರಾಹ. ಹಣ ಎಣಿಸಿಯೇ ಹೊಟ್ಟೆ ಹೊರೆದ ನಾನು ಇದನ್ನು ಮರೆಯಬಾರದು!

ಹಂದಿ ಕೊಳಕು ಎಂಬುದೂ ಪೂರ್ತಿ ನಿಜವಲ್ಲ. ಜಾಗ ಸಾಕಷ್ಟಿದ್ದರೆ ಅದು ಮಲಗುವ ಕಡೆ ಗಲೀಜು ಮಾಡಿಕೊಳ್ಳುವುದಿಲ್ಲ. ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳುವುದು ಅದಕ್ಕೆ ಆಗದು. ಆದ್ದರಿಂದ ಕೆಸರಿನಲ್ಲಿ ಹೊರಳುತ್ತದೆ. ಆ ಕೆಸರೇ ಅದಕ್ಕೆ ಒದ್ದೆ ಟವೆಲು, ಅದೇ ಬಿಸಿಲಿಗೆ ಕೊಡೆ.

ಇನ್ನು ಬುದ್ಧಿಯ ಮಾತು. 1990ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಿಜ್ಞಾನಿಗಳು ನಾಲ್ಕು ಹಂದಿಗಳಿಗೆ ವಿಡಿಯೊ ಆಟ ಕಲಿಸಿದರು. ಅವು ಮೂತಿಯಿಂದ ಜಾಯ್‌ಸ್ಟಿಕ್ ಅಲ್ಲಾಡಿಸಿ, ಪರದೆಯ ಮೇಲಿನ ಚುಕ್ಕೆಯನ್ನು ಗುರಿಗೆ ಮುಟ್ಟಿಸುತ್ತಿದ್ದವು. 2009ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಇನ್ನೊಂದು ಪರೀಕ್ಷೆ ಪ್ರಕಟಿಸಿದರು. ಅಡ್ಡಗೋಡೆಯ ಹಿಂದೆ ಬಚ್ಚಿಟ್ಟ ಊಟದ ಬಟ್ಟಲು ಕನ್ನಡಿಯಲ್ಲಿ ಮಾತ್ರ ಕಾಣುತ್ತಿತ್ತು. ಕನ್ನಡಿಯ ಪರಿಚಯವಿದ್ದ ಎಂಟು ಮರಿಗಳಲ್ಲಿ ಏಳು ಕನ್ನಡಿಯ ಕಡೆ ಓಡದೆ, ಗೋಡೆ ಸುತ್ತಿ ಬಟ್ಟಲಿದ್ದಲ್ಲಿಗೇ ಹೋದವು!

ಹೆಸರು ಕರೆದರೆ ಬರುತ್ತದೆ, ಹೇಳಿದರೆ ಕೂರುತ್ತದೆ, ಹೊಟ್ಟೆ ಕೆರೆದರೆ ಅಲ್ಲೇ ಉರುಳಿ ಮಲಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಆತಂಕ ಕಳೆಯಲು 2016ರಲ್ಲಿ ಲಿಲೂ ಎಂಬ ಹಂದಿಯನ್ನೇ ಕರೆತಂದರು. ಇಷ್ಟು ಓದುವ ಹೊತ್ತಿಗೆ ನನಗೇ ಒಂದು ಮರಿ ಬೇಕೆನಿಸಿತ್ತು.

ಕಪ್ಪಿನೊಳಗಿನ ಗುಟ್ಟು

ಕಾಗದದ ಹಿಂಬದಿ ಓದಿದಾಗ ತಿಳಿಯಿತು, ‘ಟೀ ಕಪ್ ಹಂದಿ’ ಎಂಬ ತಳಿಯೇ ಇಲ್ಲ! ಅದು ಮಾರುವವರು ಕಟ್ಟಿದ ಹೆಸರು.

ವಿಯೆಟ್ನಾಂ ಮೂಲದ ಜೋಲುಹೊಟ್ಟೆಯ ಹಂದಿಗಳು 1980ರ ದಶಕದ ನಡುವಿನಲ್ಲಿ ಕೆನಡಾಕ್ಕೆ ಬಂದವು. ಮೃಗಾಲಯಗಳಿಗೆಂದು ತಂದವು ಅಮೆರಿಕದ ಮನೆಗಳನ್ನೂ ಸೇರಿದವು. ಮಾಂಸಕ್ಕೆ ಬೆಳೆಸುವ ಹಂದಿ ಪೂರ್ತಿ ಬೆಳೆದರೆ 250 ಕಿಲೊ ದಾಟುತ್ತದೆ. ಇವು ಸಾಮಾನ್ಯವಾಗಿ 40ರಿಂದ 70 ಕಿಲೊ, ಕೆಲವು ಅದಕ್ಕೂ ಹೆಚ್ಚು. ಆ ಹೋಲಿಕೆಯಲ್ಲಷ್ಟೇ ಇವು ‘ಮಿನಿ’. ಆನೆಯ ಪಕ್ಕ ಎಮ್ಮೆ ಚಿಕ್ಕದಾಗಿ ಕಂಡಂತೆ! ಸಿನಿಮಾ ನಟ ಜಾರ್ಜ್ ಕ್ಲೂನಿ ಸಾಕಿದ್ದ ಮ್ಯಾಕ್ಸ್ ಈ ಜಾತಿಯದೇ. ಅದರ ತೂಕ ನೂರು ಕಿಲೊ ಮೀರಿತ್ತು.

ಹಾಗಾದರೆ ಕೊಳ್ಳುವವರು ಮೋಸಹೋಗುವುದು ಹೇಗೆ? "ನೋಡಿ, ಇದರ ಅಪ್ಪ ಅಮ್ಮ ಇಷ್ಟೇ ಇದ್ದಾರೆ" ಎಂದು ಮಾರುವವನು ತೋರಿಸುತ್ತಾನೆ. ಹಂದಿ ಆರು ತಿಂಗಳು ತುಂಬುವ ಮೊದಲೇ ಗಬ್ಬವಾಗಬಲ್ಲದು, ಆದರೆ ಮೂರು ನಾಲ್ಕು ವರ್ಷ ಬೆಳೆಯುತ್ತಲೇ ಇರುತ್ತದೆ. ಅವನು ತೋರಿಸಿದ ಅಪ್ಪ ಅಮ್ಮಂದಿರೇ ಇನ್ನೂ ಮಕ್ಕಳು! "ದಿನಕ್ಕೆ ಇಷ್ಟೇ ಚಮಚ ತಿನ್ನಿಸಿ, ಬೆಳೆಯುವುದಿಲ್ಲ" ಎನ್ನುವವರೂ ಉಂಟು. ಅದು ಸಾಕುವುದಲ್ಲ, ಉಪವಾಸ ಕೆಡವುವುದು.

ಎಸ್ತರ್ ಬೆಳೆದ ಕಥೆ

ಮೊಮ್ಮಗಳಿರುವ ಒಂಟಾರಿಯೊ ಪ್ರಾಂತ್ಯದಲ್ಲೇ ನಡೆದದ್ದು ಇದು. 2012ರಲ್ಲಿ ಸ್ಟೀವ್ ಜೆಂಕಿನ್ಸ್ ಎಂಬವರು ಪರಿಚಯದವರ ಮಾತು ನಂಬಿ ಒಂದು ‘ಮಿನಿ’ ಮರಿ ತಂದರು. ಅದಕ್ಕೆ ಎಸ್ತರ್ ಎಂದು ಹೆಸರಿಟ್ಟರು. ಹೆಚ್ಚೆಂದರೆ 30 ಕಿಲೊ ಆದೀತು ಎಂದುಕೊಂಡಿದ್ದರು. ಎಸ್ತರ್ ಮಾಮೂಲಿ ಸಾಕಣೆಯ ಹಂದಿ. ಬೆಳೆದು 270 ಕಿಲೊ ಮುಟ್ಟಿತು!

ಅವರು ಮತ್ತು ಅವರ ಸಂಗಾತಿ ಡೆರೆಕ್ ವಾಲ್ಟರ್ ಅದನ್ನು ಕೈಬಿಡಲಿಲ್ಲ. 2014ರಲ್ಲಿ ಜನರಿಂದ ಹಣ ಕೂಡಿಸಿ ಜಮೀನು ಕೊಂಡು, ಪ್ರಾಣಿಗಳ ಆಶ್ರಯಧಾಮವನ್ನೇ ತೆರೆದರು. ಎಸ್ತರ್‌ಗೆ ಕಾಯಿಲೆಯಾದಾಗ ಅಷ್ಟು ದೊಡ್ಡ ಮೈ ಹಿಡಿಸುವ ಸಿಟಿ ಸ್ಕ್ಯಾನ್ ಯಂತ್ರ ಸಿಗಲಿಲ್ಲ. ಮತ್ತೆ ಹಣ ಕೂಡಿಸಿ ಪಶುವೈದ್ಯ ಕಾಲೇಜಿಗೆ ಅಂಥದೊಂದು ಯಂತ್ರ ಬರುವಂತೆ ಮಾಡಿದರು. ಎಸ್ತರ್ 2023ರವರೆಗೆ ಬದುಕಿತ್ತು. ಆದರೆ ಜಮೀನು ಕೊಳ್ಳಬಲ್ಲವರು ಎಷ್ಟು ಮಂದಿ? ಉಳಿದವರ ಮನೆಯ ಹಂದಿಗಳು ಆಶ್ರಯಧಾಮದ ಬಾಗಿಲಿಗೆ ಬರುತ್ತವೆ. ಅಲ್ಲೂ ಜಾಗ ತುಂಬಿರುತ್ತದೆ.

ಸಾಕುವವರ ಲೆಕ್ಕ

ಮೂತಿಯಿಂದ ನೆಲ ಅಗೆಯುವುದು ಹಂದಿಯ ಹುಟ್ಟುಗುಣ. ಅಂಗಳ ಸಿಗದಿದ್ದರೆ ಚಾಪೆ, ಜಮಖಾನ, ಸೋಫಾ ಎಲ್ಲವೂ ಅದಕ್ಕೆ ನೆಲವೇ. ಬುದ್ಧಿವಂತ ಪ್ರಾಣಿಯಾದ್ದರಿಂದ ಫ್ರಿಜ್ಜಿನ ಬಾಗಿಲು ತೆಗೆಯುವುದನ್ನೂ ಕಲಿಯುತ್ತದೆ. ನುಣುಪು ಟೈಲ್ಸ್ ಮೇಲೆ ಅದರ ಗೊರಸು ಜಾರುತ್ತದೆ. ಹಿಂಡಿನ ಪ್ರಾಣಿಗೆ ಒಂಟಿತನ ಆಗದು. ಜೊತೆಯಿಲ್ಲದೆ ಬೇಸತ್ತರೆ ಮನೆಯವರನ್ನೇ ನೂಕಿ ಕಚ್ಚುವುದುಂಟು. ಅತಿಯಾಗಿ ತಿನ್ನಿಸಿದರೆ ಮುಖದ ಕೊಬ್ಬು ಕಣ್ಣಿಗೇ ಮುಚ್ಚಿಕೊಳ್ಳುತ್ತದೆ.

ಕಾನೂನೂ ಇದೆ. ಟೊರಾಂಟೊ ನಗರದಲ್ಲಿ ಹಂದಿ ಸಾಕುವಂತಿಲ್ಲ. ಮೊಮ್ಮಗಳ ಮನೆ ಇರುವುದು ಅದರ ಪಕ್ಕದ ಊರಿನಲ್ಲಿ. ಅಲ್ಲಿಯ ನಿಯಮ ವಿಚಾರಿಸದೆ ಮರಿ ತರುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಸಾಕಿದ ಹಂದಿಯನ್ನು ವಾಯುವಿಹಾರಕ್ಕೆ ಕರೆದೊಯ್ಯಲೂ ಪರವಾನಗಿ ಬೇಕು! ಅಡುಗೆಮನೆಯಲ್ಲಿ ಉಳಿದದ್ದನ್ನು ಹಾಕುವುದೂ ಅಲ್ಲಿ ಅಪರಾಧ. ಹಂದಿಜ್ವರದಂಥ ರೋಗಗಳು ಅದರಿಂದ ಹರಡಬಹುದು.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಆಯುಸ್ಸಿನದು. ಚೆನ್ನಾಗಿ ಸಾಕಿದ ಇಂಥ ಹಂದಿ ಸುಮಾರು 15 ವರ್ಷ ಬದುಕುತ್ತದೆ. ಕ್ಲೂನಿಯ ಮ್ಯಾಕ್ಸ್ 18 ವರ್ಷ ಬದುಕಿತ್ತು. ಇಂದು ಒಂಬತ್ತರ ಹುಡುಗಿ ಆಗ ಕಾಲೇಜು ಮುಗಿಸಿ ಕೆಲಸ ಹಿಡಿದಿರುತ್ತಾಳೆ.

ನಿಜವಾದ ಪುಟ್ಟ ಹಂದಿ

ಜಗತ್ತಿನ ಅತಿ ಪುಟ್ಟ ಕಾಡುಹಂದಿ ಇರುವುದು ನಮ್ಮ ದೇಶದ ಅಸ್ಸಾಂನಲ್ಲಿ. ಎತ್ತರ ಸುಮಾರು 25 ಸೆಂಟಿಮೀಟರ್, ಎಂದರೆ ನಿಮ್ಮ ಶಾಲೆಯ ಅಡಿಪಟ್ಟಿಗಿಂತ ಕಡಿಮೆ! ಎತ್ತರದ ಹುಲ್ಲುಗಾವಲಿನಲ್ಲಿ ಹುಲ್ಲಿನದೇ ಗೂಡು ಕಟ್ಟಿ ಮಲಗುತ್ತದೆ. ನಿರ್ನಾಮವಾಯಿತು ಎಂದುಕೊಂಡಿದ್ದ ಈ ಹಂದಿ 1971ರಲ್ಲಿ ಮತ್ತೆ ಕಾಣಿಸಿತು. 1996ರಿಂದ ಗುವಾಹಟಿಯ ಬಳಿ ಇದರ ಸಂತತಿ ಬೆಳೆಸುತ್ತಿದ್ದಾರೆ. 2008ರಿಂದ ಮರಳಿ ಕಾಡಿಗೆ ಬಿಡುತ್ತಿದ್ದಾರೆ. ಇದು ಮಾತ್ರ ಯಾರೂ ಸಾಕುವಂತಿಲ್ಲ. ಕಾನೂನಿನ ರಕ್ಷಣೆ ಇರುವ ವನ್ಯಜೀವಿ ಇದು.

ವಾರ ಕಳೆದ ಮೇಲೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಬೇಡ ಎಂದು ನಾನು ಹೇಳಲಿಲ್ಲ. ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಅಜ್ಜಾ, ದೊಡ್ಡದಾದ ಮೇಲೂ ಅದು ನನ್ನ ಹತ್ರ ಮುದ್ದು ಮಾಡಿಸಿಕೊಳ್ಳುತ್ತಾ?" ಎಂದಳು.

"ಅದು ಮಾಡಿಸಿಕೊಳ್ಳುತ್ತೆ ಮಗಳೇ. ಅಷ್ಟು ದೊಡ್ಡದಾದ ಮೇಲೆ ನೀನು ಮಾಡ್ತೀಯಾ?" ಎಂದು ಕೇಳಿದೆ. ಅವಳು ಆಗ ಉತ್ತರ ಕೊಡಲಿಲ್ಲ.

ಮುಂದಿನ ಭಾನುವಾರ ಅವಳಪ್ಪ ಒಂದು ಆಶ್ರಯಧಾಮಕ್ಕೆ ಕರೆದೊಯ್ದ. ಅಲ್ಲಿ ಯಾರೋ ಬಿಟ್ಟುಹೋದ ಕಪ್ಪು ಹಂದಿಯೊಂದು ಅವಳ ಮುಂದೆ ದೊಪ್ಪನೆ ಉರುಳಿ ಹೊಟ್ಟೆ ತೋರಿಸಿತಂತೆ. ಇವಳು ಅರ್ಧ ಗಂಟೆ ಕೆರೆದಳಂತೆ. "ಅಜ್ಜಾ, ಮನೆಗೆ ಬೇಡ. ಅದಕ್ಕೆ ಅಲ್ಲೇ ಕೆಸರಿದೆ, ಫ್ರೆಂಡ್ಸ್ ಇದ್ದಾರೆ. ತಿಂಗಳಿಗೊಮ್ಮೆ ನಾವೇ ಹೋಗ್ತೀವಿ" ಎಂದು ಅವಳೇ ತೀರ್ಮಾನ ಹೇಳಿದಳು.

ನನ್ನ ಕಣ್ಣು ತುಂಬಿತು. ಅವಳ ಅಜ್ಜಿ ಫೋನು ಕಿತ್ತುಕೊಂಡು ಕೇಳಿದ್ದು ಒಂದೇ ಮಾತು: "ಬಂದ ಮೇಲೆ ತಲೆಗೆ ಸ್ನಾನ ಮಾಡಿದೆಯಾ ಪುಟ್ಟಾ?"